ಮೊಣಕಾಲಿನ ಹಳೇ ಸಾಮಾನು

ದಾಂಡೇಲಿಯ ದಿಲಾವರ ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ನಿಯಮವಿತ್ತು. ಲಾರಿಯ ಇಂಜಿನ್ ಬಿಚ್ಚುವಾಗ ಮಾಲೀಕನೋ ಡ್ರೈವರನೋ ಎದುರಿಗೆ ಕೂತಿರಬೇಕು. ಕೆಲಸ ಮುಗಿದ ಮೇಲೆ, ಬಿಚ್ಚಿ ತೆಗೆದ ಹಳೇ ಸಾಮಾನು, ಸವೆದ ಬೇರಿಂಗ್ ಇರಲಿ, ಒಡೆದ ರಿಂಗ್ ಇರಲಿ, ಡೀಸೆಲ್ಲಿನಲ್ಲಿ ತೊಳೆದು ಪೇಪರಿನಲ್ಲಿ ಸುತ್ತಿ ಅವರ ಕೈಗೆ ಕೊಡಬೇಕು. ಅದರಿಂದ ಅವರಿಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಎಷ್ಟೋ ಡ್ರೈವರುಗಳು ಆ ಪೊಟ್ಟಣವನ್ನು ಹಾದಿಯಲ್ಲೇ ಕಾಳಿ ನದಿಗೆ ಎಸೆದು ಹೋಗುತ್ತಿದ್ದರು. ಆದರೂ ಕೊಡಬೇಕು. ಗಾಡಿಯನ್ನು ನಿಜವಾಗಿ ಬಿಚ್ಚಿದ್ದಕ್ಕೆ, ಕೆಟ್ಟದ್ದನ್ನೇ ತೆಗೆದದ್ದಕ್ಕೆ ಬೇರೆ ಸಾಕ್ಷಿ ಏನಿದೆ?

ಈ ನಿಯಮ ಕಂಡು ಜನ ಅವನನ್ನು ಪ್ರಾಮಾಣಿಕ ಅನ್ನುತ್ತಿದ್ದರು. ಪ್ರಾಮಾಣಿಕನೇನೋ ಹೌದು. ಆದರೆ ನಿಯಮ ಹುಟ್ಟಿದ್ದು ಪ್ರಾಮಾಣಿಕತೆಯಿಂದಲ್ಲ, ಸಂಶಯದಿಂದ. ತಾನು ಯಾರನ್ನೂ ನಂಬುವವನಲ್ಲ, ಹಾಗಾಗಿ ತನ್ನನ್ನೂ ಯಾರೂ ನಂಬಬೇಕಾಗಿಲ್ಲ ಎಂಬುದು ಅವನ ನ್ಯಾಯ. ಹಾಲಿನವಳು ಅಳೆಯುವಾಗ ಬೆರಳು ಅದ್ದಿ ನೋಡುತ್ತಿದ್ದ. ತನ್ನ ಮದುವೆಯ ದಿನ ಖಾಜಿ ಬರೆದ ಕಾಗದವನ್ನು ಎರಡು ಸಲ ಓದಿಸಿ, ಮಾವನ ಮೋರೆ ಕೆಂಪಗಾಗುವಂತೆ ಮಾಡಿದ್ದ. ಹೆಂಡತಿ ಸಕೀನಾ ಹದಿನೆಂಟು ವರ್ಷದಿಂದ ಇದನ್ನೆಲ್ಲ ನುಂಗಿಕೊಂಡು ಬಂದಿದ್ದಳು.

ಇಂಥವನ ಬಲಗಾಲಿನ ಮೊಣಕಾಲು ಕೆಟ್ಟಿತು. ಎರಡು ವರ್ಷದ ಹಿಂದೆ ಕುಂಬಾರವಾಡದ ಹತ್ತಿರ ಕೆಟ್ಟು ನಿಂತ ಬಿದಿರಿನ ಲಾರಿಯೊಂದರ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸುವಾಗ ಜ್ಯಾಕ್ ಜಾರಿ ಮೊಣಕಾಲಿನ ಮೇಲೆ ಬಿದ್ದಿತ್ತು. ಬಾವು ಇಳಿಯಿತು, ನೋವು ಇಳಿಯಲಿಲ್ಲ. ಬರಬರುತ್ತ ಕಾಲು ಮಡಚಿದರೆ ಒಳಗೆ ಏನೋ ಸಿಕ್ಕಿಕೊಂಡು ನಿಲ್ಲತೊಡಗಿತು. ಅದನ್ನು ಕೈಯಿಂದ ಅಲ್ಲಾಡಿಸಿ ಬಿಡಿಸಿಕೊಳ್ಳಬೇಕು. ಲಾರಿ ಮೆಕ್ಯಾನಿಕನ ಬದುಕು ನಡೆಯುವುದೇ ಕುಕ್ಕರಗಾಲಿನ ಮೇಲೆ. ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂರಲು ಬಾರದವನು ಗ್ಯಾರೇಜಿಗೆ ಬೀಗ ಹಾಕಬೇಕು, ಇಲ್ಲವೇ ಇನ್ನೊಬ್ಬರ ಕೈಗೆ ಕೊಟ್ಟು ನೋಡುತ್ತ ಕೂರಬೇಕು. ಇನ್ನೊಬ್ಬರ ಕೈಗೆ ಕೊಡುವುದೆಂದರೆ ದಿಲಾವರನಿಗೆ ಬೀಗ ಹಾಕುವುದಕ್ಕಿಂತ ಕಡೆ.

ಹುಬ್ಬಳ್ಳಿಯಿಂದ ಪ್ರತಿ ಬುಧವಾರ ಹಳಿಯಾಳಕ್ಕೆ ಬರುತ್ತಿದ್ದ ಎಲುಬಿನ ಡಾಕ್ಟರು ಚನಬಸಪ್ಪನವರು ಮೊಣಕಾಲನ್ನು ಹಿಂದೆ ಮುಂದೆ ಆಡಿಸಿ ನೋಡಿದರು. ಹೊರದೇಶದಲ್ಲಿ ಕಲಿತು ಬಂದವರು, ವಯಸ್ಸು ನಲವತ್ತರ ಒಳಗೆ, ಮಾತು ನಮ್ಮ ಕಡೆಯದೇ.

"ಎಲುಬಿನ ತುದಿಗೆ ಬಿಳೀ ಮೆತ್ತನ ಹೊದಿಕಿ ಇರತೈತಿ, ಕಾರ್ಟಿಲೇಜ್ ಅಂತೀವಿ. ನಿಮಗ ಪೆಟ್ಟು ಬಿದ್ದಲ್ಲಿ ಅದು ಕಿತ್ತು ಚೂರಾಗೇತಿ. ಆ ಚೂರುಗಳೇ ನಡುವ ಸಿಕ್ಕೊಳ್ಳಾಕತ್ತಾವ," ಅಂದರು. "ತಾನs ತಾನ ಅದು ಮತ್ತ ಬೆಳಿಯೂದಿಲ್ಲ. ಒಳಗ ರಕ್ತ ಹರಿಯೂದಿಲ್ಲ ನೋಡ್ರಿ."

"ಮತ್ತೇನ್ ಮಾಡ್ತೀರಿ?"

"ಮೊಣಕಾಲು ಬಿಚ್ಚಿ ಚೂರು ತಗೀತೀನಿ. ಬರಿದಾದ ಎಲುಬಿಗೆ ಸಣ್ಣ ಸಣ್ಣ ತೂತು ಹಾಕ್ತೀನಿ. ಒಳಗಿನ ರಕ್ತ ಮ್ಯಾಲೆ ಬಂದು ಹೆಪ್ಪುಗಟ್ಟಿ ಹೊಸ ಹೊದಿಕಿ ಹುಟ್ಟತೈತಿ."

ತೂತಿನ ಮಾತು ಬಂದಾಗ ದಿಲಾವರನ ಕಿವಿ ನೆಟ್ಟಗಾಯಿತು. ಬುಶ್‌ಗೆ ಎಣ್ಣೆ ಹೋಗಲು ತೂತು ಹಾಕುವುದು ಅವನಿಗೂ ಗೊತ್ತು. ಆದರೆ ಹೆಚ್ಚು ತೂತು ಹಾಕಿದ ಕಬ್ಬಿಣ ಮುರಿಯುತ್ತದೆ ಅನ್ನುವುದೂ ಗೊತ್ತು. "ಇದಕ್ಕ ಮೊದಲ ಯಾರಿಗರೆ ಮಾಡೀರೇನು?" ಎಂದು ಕೇಳಿದ.

"ಮುಂಡಗೋಡ ಟಿಬೆಟನ್ ಕಾಲೊನಿಯೊಳಗ ಒಬ್ರು ಲಾಮಾ ಅದಾರ. ಹೋಗಿ ನೋಡ್ಕೊಂಡು ಬರ್ರಿ ಬೇಕಾದ್ರ," ಎಂದು ಡಾಕ್ಟರು ನಕ್ಕರು. ಈ ಮನುಷ್ಯ ನಿಜವಾಗಿಯೂ ಹೋಗುತ್ತಾನೆಂದು ಅವರು ತಿಳಿದಿರಲಿಲ್ಲ.

ಮರುವಾರವೇ ಹೋದ. ಗೆಳೆಯ ಮಾನ್ವೆಲ್‌ನ ಲಾರಿ ಮೆಕ್ಕೆಜೋಳ ತುಂಬಲು ಆ ಕಡೆ ಹೊರಟಿತ್ತು. ಮಾನ್ವೆಲ್ ಹಳಿಯಾಳದ ಕಡೆಯ ಸಿದ್ದಿ ಕ್ರಿಶ್ಚಿಯನ್, ಇಪ್ಪತ್ತು ವರ್ಷದ ಡ್ರೈವರು, ದಿಲಾವರನ ಬೈಗುಳ ತಿಂದೂ ಅವನ ಗ್ಯಾರೇಜು ಬಿಟ್ಟು ಬೇರೆಡೆ ಹೋಗದ ಪ್ರಾಣಿ. ಇಬ್ಬರೂ ಲಾಮಾರನ್ನು ಹುಡುಕಿದರು. ಅವರು ನಗುನಗುತ್ತ ಕೆಂಪು ಬಟ್ಟೆ ಮೇಲಕ್ಕೆತ್ತಿ ಮೊಣಕಾಲಿನ ಗಾಯದ ಗೆರೆ ತೋರಿಸಿದರು. ದಿಲಾವರ ಅಷ್ಟಕ್ಕೆ ಬಿಡಲಿಲ್ಲ. ಹರಕು ಹಿಂದಿಯಲ್ಲಿ ಹೇಳಿ ಅವರನ್ನು ಮೂರು ಸಲ ಕೂರಿಸಿ ಮೂರು ಸಲ ಎಬ್ಬಿಸಿದ. ಮೊಣಕಾಲಿಗೆ ಕಿವಿ ಹಚ್ಚಿ ಒಳಗೆ ಕಟಕಟ ಅನ್ನುತ್ತದೋ ಎಂದು ಕೇಳಿದ. ಗುರುಗಳ ಮೊಣಕಾಲಿಗೆ ಕಿವಿಯಿಟ್ಟು ಕೂತ ಮೆಕ್ಯಾನಿಕನನ್ನು ನೋಡಲು ಸಣ್ಣ ಸನ್ಯಾಸಿಗಳ ಗುಂಪೇ ನೆರೆಯಿತು.

"ಇನ್ನ ಅವರನ್ನ ಟ್ರಯಲ್ ಓಡಿಸಿ ನೋಡ್ತಿಯೇನು ಉಸ್ತಾದ?" ಎಂದು ಮಾನ್ವೆಲ್ ನಾಚಿಕೆಯಿಂದ ಅವನ ಅಂಗಿ ಹಿಡಿದು ಎಳೆದ.

ಅಂತೂ ದಿಲಾವರ ಒಪ್ಪಿದ. ಒಪ್ಪಿದನೇ ಹೊರತು ನಂಬಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಶನ್ನಿನ ಹಿಂದಿನ ದಿನ ಡಾಕ್ಟರಿಗೆ ಹೇಳಿದ, "ಒಂದs ಮಾತು ಸಾಹೇಬ್ರ. ನೀವು ನನ್ನ ಮಲಗಿಸಿ ಬಿಚ್ಚಾವ್ರು. ನಾ ನೋಡಾಕ ಆಗೂದಿಲ್ಲ. ಅದಕ್ಕ ಹಳೇ ಸಾಮಾನು ನನಗ ವಾಪಸ್ ಬೇಕು."

ಡಾಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಗಂಭೀರವಾಗಿ ಹೇಳಿದರು, "ಆತು. ಬಾಟ್ಲಿಯೊಳಗ ಹಾಕಿ ಕೊಡ್ತೀನಿ. ಇನ್ನೊಂದು ಮಾತು. ಬಿಚ್ಚಿದಾಗ ಗಾಯ ಭಾಳ ದೊಡ್ಡದಿತ್ತಂದ್ರ ಬರೇ ತೂತಿನಿಂದ ಆಗೂದಿಲ್ಲ. ಪಕ್ಕೆಲುಬಿನ ತುದಿಗೂ ಇಂಥದs ಮೆತ್ತನ ಎಲುಬು ಇರತೈತಿ. ಅದರ ಮ್ಯಾಲಿನ ತೆಳು ಪೊರಿ ತಗದು ಮೊಣಕಾಲಿಗೆ ಹಚ್ಚಬೇಕಾಗಬಹುದು. ಹಂಗೇನರೆ ಬಂದ್ರ ಹೊರಗ ಬಂದು ನಿಮ್ಮ ಮನಿಯವರನ್ನ ಕೇಳತೀನಿ."

ದಿಲಾವರ ಅರ್ಧ ಕೇಳಿಸಿಕೊಂಡ. ಅವನ ಮನಸ್ಸೆಲ್ಲ ಬಾಟಲಿಯ ಮೇಲಿತ್ತು.

ಎಚ್ಚರವಾದಾಗ ಮೊಣಕಾಲಿಗೆ ಪಟ್ಟಿ, ಎದೆಯ ಬಲಕ್ಕೆ ಇನ್ನೊಂದು ಪಟ್ಟಿ. ಗಾಯ ದೊಡ್ಡದಿತ್ತು, ಪಕ್ಕೆಲುಬಿನಿಂದ ಪೊರೆ ತೆಗೆದು ಹಚ್ಚಿದ್ದೇವೆ, ಎಂದು ಡಾಕ್ಟರು ಬಂದು ಹೇಳಿ ಹೋದರು. ಸಕೀನಾ ಕೂಡ, ನನ್ನ ಕೇಳಿಯೇ ಮಾಡಿದರು, ನಾನೇ ಹೂಂ ಅಂದೆ, ಅಂದಳು. ಆದರೆ ದಿಲಾವರನ ತಲೆಯಲ್ಲಿ ಹುಳ ಹೊಕ್ಕಿತ್ತು. ಲಾಮಾ ತೋರಿಸಿದ್ದು ಮೊಣಕಾಲಿನ ಗಾಯ ಒಂದನ್ನೇ, ಎದೆಯ ಗಾಯದ ಮಾತೇ ಎತ್ತಿರಲಿಲ್ಲವಲ್ಲ. ಒಂದು ಗಾಡಿಯ ಒಳ್ಳೆಯ ಸಾಮಾನು ಬಿಚ್ಚಿ ಇನ್ನೊಂದು ಗಾಡಿಗೆ ಹಾಕುವ ಮೆಕ್ಯಾನಿಕರನ್ನು ಅವನು ಬೇಕಾದಷ್ಟು ಕಂಡಿದ್ದ.

ಎರಡನೆಯ ದಿನ ನರ್ಸ್ ಬಂದಾಗ, "ನನ್ನ ಹಳೇ ಸಾಮಾನು ಎಲ್ಲಿ?" ಎಂದು ಕೇಳಿದ.

"ಅದನ್ನೆಲ್ಲಾ ಯಾರು ಇಟ್ಕೊಂಡು ಕುಂಡರತಾರ್ರಿ? ಆವತ್ತೇ ಹೊರಗ ಹೋಗಿರತೈತಿ," ಎಂದು ಅವಳು ಇಂಜೆಕ್ಷನ್ ಚುಚ್ಚಿ ಹೋದಳು. ಪಾಪ, ಅವಳಿಗೇನು ಗೊತ್ತು.

ದಿಲಾವರ ಹೆಂಡತಿಯ ಕಡೆ ತಿರುಗಿದ. "ಡಾಕ್ಟರ್ ನಿನ್ನ ಕಡೆ ಏನರೆ ಕೊಟ್ಟಾರೇನು?"

ಸಕೀನಾ ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಔಷಧದ ಚೀಟಿ ಕೊಟ್ಟಾರ," ಅಂದಳು.

ಡಾಕ್ಟರನ್ನೇ ನೇರವಾಗಿ ಕೇಳಬಹುದಿತ್ತು. ಆದರೆ ಅದು ದಿಲಾವರನ ಪದ್ಧತಿಯಲ್ಲ. ಯಾರ ಮೇಲೆ ಸಂಶಯವಿದೆಯೋ ಅವರನ್ನು ಕೇಳಬಾರದು, ಕೇಳಿದರೆ ಹುಷಾರಾಗುತ್ತಾರೆ, ಸುಮ್ಮನೆ ನೋಡುತ್ತಿರಬೇಕು ಎಂಬುದು ಅವನ ನಂಬಿಕೆ. ಅವನು ನಂಬಿದ ಒಂದೇ ಒಂದು ಸಂಗತಿ ಅದು. ಅದೇ ಅವನಿಗೆ ಮುಳುವಾಯಿತು.

ಎರಡು ವಾರವಾದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರು ಮಂಚದ ಪಕ್ಕ ಕೂತು ಹೇಳಿದರು. "ಮೇಸ್ತ್ರಿ, ಇಂಜಿನ್ ಬೋರ್ ಮಾಡಿಸಿ ಹೊಸ ರಿಂಗ್ ಹಾಕಿದ ಮ್ಯಾಲೆ ಡ್ರೈವರಗ ನೀವೇನ್ ಹೇಳ್ತೀರಿ?"

"ಸಾವಿರ ಕಿಲೋಮೀಟರ್ ತನಕಾ ಲೋಡ್ ಹಾಕಬ್ಯಾಡ, ಹಂಗಂತ ಗಾಡಿ ನಿಲ್ಲಿಸೂ ಇಡಬ್ಯಾಡ, ಖಾಲಿ ಓಡಸು ಅಂತೇನಿ."

"ಇದೂ ಅಷ್ಟs. ಕುರ್ಚಿ ಮ್ಯಾಲೆ ಕುಂತು ದಿನಾ ಮುಂಜಾನಿ ಸಂಜಿಕೆ ನೂರು ನೂರು ಸಲ ಮೊಣಕಾಲು ಆಡಸ್ರಿ. ಆದ್ರ ಮೂರು ತಿಂಗಳ ತನಕಾ ಆ ಕಾಲ್ ಮ್ಯಾಲೆ ಮೈಭಾರ ಬೀಳಬಾರದು. ಹಚ್ಚಿದ ಪೊರಿ ಇನ್ನೂ ಹಸೀದೈತಿ. ಒಮ್ಮೆ ಕಿತ್ತು ಬಂತಂದ್ರ ಮುಗೀತು."

ಈ ಮಾತು ದಿಲಾವರನಿಗೆ ಹಿಡಿಸಿತು. ಸಂಶಯ ಒಂದು ಕಡೆ ಇದ್ದರೂ ಐದು ವಾರ ಅವನು ಅಕ್ಷರಶಃ ಪಾಲಿಸಿದ. ಅಂಗಳದ ಮದರಂಗಿ ಗಿಡದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಎಣಿಸಿ ನೂರು ಸಲ ಕಾಲು ಆಡಿಸುತ್ತಿದ್ದ. ಎಲ್ಲಿಗೆ ಹೋದರೂ ಕಂಕುಳಲ್ಲಿ ಎರಡು ಊರುಗೋಲು. ಸಕೀನಾ ಅವನ ಕಾಲು ನೆಲಕ್ಕೆ ತಾಗದಂತೆ ಚಿಕ್ಕ ಮಗುವಿನ ಹಾಗೆ ಕಾದಳು. ಒಂದು ವಿಚಿತ್ರವೆಂದರೆ, ಅವನು ಕುರ್ಚಿಯನ್ನು ಮದರಂಗಿಯ ಕೆಳಗೆ ಹಾಕು ಅಂದಾಗಲೆಲ್ಲ ಅವಳು, ಅಲ್ಲಿ ಇರುವೆ ಅದಾವ, ಈ ಕಡೆ ಕೂಡ್ರಿ, ಅನ್ನುತ್ತಿದ್ದಳು. ಅವನು ನೆಲ ಪರೀಕ್ಷೆ ಮಾಡಿ, ಒಂದು ಇರುವೆಯೂ ಇಲ್ಲ ಎಂದು ಅಲ್ಲೇ ಕೂರುತ್ತಿದ್ದ. ಅಷ್ಟು ಪರೀಕ್ಷೆ ಮಾಡುವವನಿಗೆ ಅವಳ ಮುಖ ಪರೀಕ್ಷೆ ಮಾಡುವುದು ಹೊಳೆಯಲಿಲ್ಲ.

ಕೂತಲ್ಲೇ ಕೂತವನ ತಲೆ ಸುಮ್ಮನಿರುತ್ತದೆಯೇ? ಮೊಣಕಾಲು ಆಡಿಸಿದಷ್ಟೂ ಸಂಶಯವೂ ಆಡಿತು. ಕೆಮ್ಮಿದರೆ ಪಕ್ಕೆಯಲ್ಲಿ ಚುಳ್ಳೆನ್ನುತ್ತಿತ್ತು. ಬರೀ ಪೊರೆ ತೆಗೆದದ್ದಾದರೆ ಇಷ್ಟು ದಿನ ಯಾಕೆ ನೋಯಬೇಕು? ಚೂರುಗಳನ್ನು ತೆಗೆದದ್ದು ನಿಜವಾದರೆ ಮಾತು ಕೊಟ್ಟಂತೆ ಬಾಟಲಿ ಯಾಕೆ ಕೊಡಲಿಲ್ಲ? ಹಾಗಾದರೆ ಇವರು ಮೊಣಕಾಲು ಬಿಚ್ಚಿಯೇ ಇಲ್ಲ, ಮೇಲೆ ಗೀರಿ ಹೊಲಿದಿದ್ದಾರೆ, ಪಕ್ಕೆಲುಬು ಕದ್ದಿದ್ದಾರೆ. ಹೀಗೆ ಮದರಂಗಿಯ ನೆರಳಲ್ಲಿ ಕೂತು ಅವನು ಒಂದು ಪೂರಾ ಕಳವಿನ ಕೇಸು ಕಟ್ಟಿದ.

"ಫೋಟೋ ತಗಸೂಣು," ಎಂದು ಒಂದು ಬುಧವಾರ ಬೆಳಿಗ್ಗೆ ಮಾನ್ವೆಲ್‌ಗೆ ಹೇಳಿದ. ಸಕೀನಾ ಬೇಡವೆಂದಳು. ಅವನು ಕೇಳಲಿಲ್ಲ. ಮಾನ್ವೆಲ್ ಅವನ ಕಾಲು ನೆಲಕ್ಕೆ ತಾಗಗೊಡದೆ ಎತ್ತಿ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿ ಪೇಟೆಯ ಎಕ್ಸ್‌ರೇ ಕೋಣೆಗೆ ಇಳಿಸಿದ. "ಬಿದಿರು ಇಳಿಸಿ ತಾಸಿನ್ಯಾಗ ಬರ್ತೇನಿ, ಇಲ್ಲೇ ಕುಂತಿರು ಉಸ್ತಾದ," ಎಂದು ಹೇಳಿ ಹೋದ.

ಎದೆಯದೊಂದು, ಮೊಣಕಾಲಿನದೊಂದು ಫೋಟೋ ಆಯಿತು. "ಇಲ್ಲಿನ ಡಾಕ್ಟರ್ ಸಂಜಿಕೆ ಬರತಾರ, ಅವರು ನೋಡಿ ಹೇಳತಾರ," ಅಂದ ಎಕ್ಸ್‌ರೇ ತೆಗೆದವನು. ದಿಲಾವರನೇನು ಸಂಜೆಯವರೆಗೆ ಕಾಯುವವನೇ? ಇನ್ನೂ ಒದ್ದೆಯಿದ್ದ ಎರಡೂ ಫಿಲ್ಮುಗಳನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದ.

ಮೊದಲು ಎದೆ. ಬೆನ್ನಿನ ಕಡೆಯಿಂದ ಪಕ್ಕೆಲುಬುಗಳು ಬಿಳಿಯಾಗಿ ಬಾಗಿ ಮುಂದೆ ಬಂದಿದ್ದವು. ಬಂದು, ನಡುವಿನ ಎಲುಬಿಗೆ ಸೇರುವ ಮೊದಲೇ ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟಿದ್ದವು. ಒಂದಲ್ಲ, ಎರಡಲ್ಲ, ಎಲ್ಲವೂ. ಬಲಕ್ಕೂ ಎಡಕ್ಕೂ. ಆಮೇಲೆ ಮೊಣಕಾಲು. ಮೇಲೊಂದು ಎಲುಬು, ಕೆಳಗೊಂದು ಎಲುಬು, ನಡುವೆ ಖಾಲಿ. ಹಚ್ಚಿದ್ದೇವೆ ಅಂದ ಹೊದಿಕೆಯ ಸುಳಿವೇ ಇಲ್ಲ.

ಎದೆಯ ಮೇಲಿದ್ದದ್ದು ಎರಡು ಇಂಚಿನ ಗಾಯ. ಅದರೊಳಗಿಂದ ಎರಡೂ ಬದಿಯ ಅಷ್ಟೂ ಪಕ್ಕೆಲುಬಿನ ತುದಿ ಹೇಗೆ ಕತ್ತರಿಸಿ ತೆಗೆದರು ಎಂದು ಬೇರೆ ಯಾರಾದರೂ ಕೇಳಿಕೊಳ್ಳುತ್ತಿದ್ದರು. ದಿಲಾವರನ ತಲೆಯಲ್ಲಿ ತೀರ್ಪು ಮೊದಲೇ ಬರೆದಾಗಿತ್ತು. ಇಲ್ಲಿಂದ ತೆಗೆದಿದ್ದಾರೆ, ಅಲ್ಲಿ ಹಾಕಿಲ್ಲ. ಇಷ್ಟು ವಾರ ತಾನು ಕುರ್ಚಿಯಲ್ಲಿ ಕೂತು ಏನೂ ಇಲ್ಲದ ಮೊಣಕಾಲನ್ನು ನೂರು ನೂರು ಸಲ ಆಡಿಸಿದ್ದು ನೆನೆದು ನಾಚಿಕೆಯಾಯಿತು. ಆ ನಾಚಿಕೆಯೇ ಸಿಟ್ಟಾಯಿತು.

ಏನೂ ಹಾಕಿಲ್ಲವೆಂದ ಮೇಲೆ ಕಿತ್ತು ಬರುವುದಾದರೂ ಏನು? ಊರುಗೋಲುಗಳನ್ನು ಗೋಡೆಗೆ ಎಸೆದ. ಬಲಗಾಲನ್ನು ನೆಲಕ್ಕೆ ಊರಿದ. ನೋವಾಯಿತು, ಆದರೂ ಊರಿದ. ಬೀದಿಯಲ್ಲೇ ಹಟಕ್ಕೆ ಬಿದ್ದವನಂತೆ ಕುಕ್ಕರಗಾಲಿನಲ್ಲಿ ಕೂತು ಎದ್ದ. ಒಳಗೆ ಏನೋ ಹರಿದ ಹಾಗಾಯಿತು. ಅದನ್ನೂ ಅವನು ಡಾಕ್ಟರ ಮೋಸದ ಲೆಕ್ಕಕ್ಕೇ ಹಾಕಿದ. ಕುಂಟುತ್ತ ಬಸ್‌ಸ್ಟ್ಯಾಂಡಿಗೆ ನಡೆದು ಹಳಿಯಾಳದ ಬಸ್ಸು ಹತ್ತಿದ. ಜಾಗ ಇರಲಿಲ್ಲ, ಹಳಿಯಾಳದ ತನಕ ನಿಂತೇ ಹೋದ.

ಡಾಕ್ಟರ ಕೋಣೆಯ ಹೊರಗೆ ಹತ್ತು ಹನ್ನೆರಡು ಜನ ಕೂತಿದ್ದರು. ದಿಲಾವರ ಯಾರನ್ನೂ ಲೆಕ್ಕಿಸದೆ ಒಳಗೆ ನುಗ್ಗಿ ಫಿಲ್ಮುಗಳನ್ನು ಮೇಜಿನ ಮೇಲೆ ಹಾಕಿದ.

"ನನ್ನ ಪಕ್ಕೆಲುಬು ಎಲ್ಲಿ ಹೋದ್ವು, ಹೇಳ್ರಿ."

ಡಾಕ್ಟರು ಫಿಲ್ಮ್ ಬೆಳಕಿಗೆ ಹಿಡಿದರು. ಅವನು ಬೆರಳಿಟ್ಟು ತೋರಿಸಿದ ಕಡೆ ನೋಡಿದರು. ಎದುರಿಗೆ ಕೂತಿದ್ದ ಮುದಕಪ್ಪನೆಂಬ ಮುದುಕನ ಕೈಯಲ್ಲಿದ್ದ ಫಿಲ್ಮ್ ಈಸಿಕೊಂಡು ಪಕ್ಕಕ್ಕೆ ಹಿಡಿದರು. ಸೊಂಟನೋವಿಗೆ ಬಂದಿದ್ದ ಮುದುಕ ಜೊತೆಗೆ ತಂದಿದ್ದ, ಹಿಂದೆ ಕೆಮ್ಮಿಗೆಂದು ತೆಗೆಸಿದ್ದ ಎದೆಯ ಫೋಟೋ ಅದು. ಅಲ್ಲಿಯೂ ಎಲ್ಲ ಪಕ್ಕೆಲುಬುಗಳು ಹಾಗೆಯೇ ನಾಲ್ಕು ಬೆರಳು ದೂರದಲ್ಲಿ ನಿಂತಿದ್ದವು.

"ಅಜ್ಜಾರ, ನಿಮಗ ಯಾರರೆ ಎದಿ ಕೊಯ್ದಾರೇನ್ರಿ?"

"ಇಲ್ರೀಪಾ, ನನ್ನ ಯಾರ್ ಕೊಯ್ತಾರ?" ಅಂದ ಮುದಕಪ್ಪ.

ಡಾಕ್ಟರು ದಿಲಾವರನ ಕಡೆ ತಿರುಗಿದರು. "ಮೆತ್ತನ ಎಲುಬು ಎಕ್ಸ್‌ರೇದಾಗ ಕಾಣೂದಿಲ್ಲ ಮೇಸ್ತ್ರಿ. ಗಟ್ಟಿ ಎಲುಬಷ್ಟs ಕಾಣತೈತಿ. ಪಕ್ಕೆಯೊಳಗ ಇದ್ರೂ ಕಾಣೂದಿಲ್ಲ, ಮೊಣಕಾಲಿನ್ಯಾಗ ಇದ್ರೂ ಕಾಣೂದಿಲ್ಲ. ನಿಮಗಷ್ಟs ಅಲ್ಲ, ನನಗೂ, ಈ ಅಜ್ಜಗೂ ಎಲ್ಲಾರಿಗೂ ಹಂಗs."

ದಿಲಾವರ ಉಳಿದಿದ್ದ ಒಂದೇ ಸಾಕ್ಷಿಯನ್ನು ಮುಂದಿಟ್ಟ. "ಮತ್ತ ಹಳೇ ಸಾಮಾನು? ಬಾಟ್ಲಿ ಕೊಡ್ತೀನಿ ಅಂದಿದ್ರಿ."

"ಅವತ್ತೇ ಕೊಟ್ಟೇನಲ್ಲ. ನಿಮ್ಮ ಮನಿಯವರ ಕೈಯಾಗ, ನಾನs ಸ್ವಂತ. ಏಳು ಚೂರು ಇದ್ವು," ಎಂದು ಹೇಳುತ್ತಿದ್ದ ಡಾಕ್ಟರು ನಡುವೆಯೇ ನಿಲ್ಲಿಸಿದರು. ಅವರ ಕಣ್ಣು ಅವನ ಕಂಕುಳ ಕಡೆ ಹೋಗಿತ್ತು. "ನಿಮ್ಮ ಕೋಲು ಎಲ್ಲಿ?"

ದಿಲಾವರ ಬಲಗಾಲನ್ನು ಮೇಜಿನ ಮರೆಗೆ ಸರಿಸಿದ.

"ಹೆಂಗ್ ಬಂದ್ರಿ?"

"ನಡಕೋತ," ಅಂದ. ಆಮೇಲೆ ಸಣ್ಣ ದನಿಯಲ್ಲಿ, ಕುಕ್ಕರಗಾಲಿನಲ್ಲಿ ಕೂತದ್ದನ್ನೂ ಹೇಳಿದ.

ಅವನನ್ನು ಮಲಗಿಸಿ ಡಾಕ್ಟರು ಮೊಣಕಾಲು ಮುಟ್ಟಿ ನೋಡಿದರು. ಬೆಳಿಗ್ಗೆ ಸಪಾಟಾಗಿದ್ದದ್ದು ಈಗ ಬಾತು ಬಿಸಿಯಾಗಿತ್ತು. ಸೂಜಿ ಹಾಕಿ ಎಳೆದಾಗ ರಕ್ತ ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದಿಲಾವರನಿಗೆ ಅನ್ನಿಸಿತು. ಕೈ ತೊಳೆದುಕೊಂಡು ಬಂದು ಹೇಳಿದರು, "ಪೊರಿ ಕಿತ್ತು ಬಂದೈತಿ. ಚಲೋ ಹಿಡದಿತ್ತು ಮೇಸ್ತ್ರಿ. ಇನ್ನೊಂದೈದು ವಾರ ಬೇಕಾಗಿತ್ತು, ಅಷ್ಟs."

"ಮತ್ತೊಮ್ಮೆ ಹಚ್ಚಾಕ ಬರೂದಿಲ್ಲೇನ್ರಿ?"

"ಇಲ್ಲ. ನಡೀತೀರಿ, ಅದಕ್ಕೇನೂ ಆಗೂದಿಲ್ಲ. ಕುಕ್ಕರಗಾಲಿಲೆ ಕೂಡೂದು ಮಾತ್ರ ಬಿಡ್ರಿ."

ಹೊತ್ತು ಇಳಿಯುವಾಗ ಮಾನ್ವೆಲ್ ಅವನನ್ನು ಹುಡುಕಿಕೊಂಡು ಹಳಿಯಾಳಕ್ಕೇ ಬಂದ. ಗೋಡೆಯ ಬಳಿ ಬಿದ್ದಿದ್ದ ಕೋಲುಗಳನ್ನು ಕ್ಯಾಬಿನ್ನಿನಲ್ಲಿ ತಂದಿದ್ದ. ಅವನನ್ನು ಎತ್ತಿ ಕೂರಿಸಿಕೊಂಡು ಮನೆಗೆ ಕರೆತಂದ.

ಅಂಗಳದಲ್ಲಿ ಸಕೀನಾ ಮದರಂಗಿಯ ಹತ್ತಿರ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗಂಡನ ಮುಖ ನೋಡಿ ಮೊರ ಕೆಳಗಿಟ್ಟಳು.

"ಬಾಟ್ಲಿ ಎಲ್ಲಿ?" ಎಂದು ಅವನು ಕೇಳಿದ. ದನಿಯಲ್ಲಿ ಜೋರಿರಲಿಲ್ಲ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು, "ಬಟ್ಟಿ ತರಾಕ ಅಂತ ಮೂರನೇ ದಿನ ಮನಿಗೆ ಬಂದಿದ್ನಲ್ಲ, ಅವತ್ತು ಮಣ್ಣಾಗ ಇಟ್ಟೆ. ಮೈಯಿಂದ ಬ್ಯಾರೆ ಆದದ್ದು ಮಣ್ಣಿಗೆ ಸೇರಬೇಕಲ್ರಿ. ಉಗುರು ಕೂದಲಾ ಸುದ್ದಾ ನಾವು ಹಂಗ ಬಿಸಾಕೂದಿಲ್ಲ. ಇದು ನಿಮ್ಮ ಎಲುಬು. ನಿಮ್ಮ ಕೈಯಾಗ ಕೊಟ್ಟಿದ್ರ ಗ್ಯಾರೇಜಿನ ಹಲಗಿ ಮ್ಯಾಲೆ ಬೇರಿಂಗಿನ ಸಾಲಿನ್ಯಾಗ ಇಡತಿದ್ರಿ. ಬಂದ ಡ್ರೈವರಗೆಲ್ಲಾ ಚಾ ಕುಡಕೋತ ತೋರಸ್ತಿದ್ರಿ. ನನಗ ಅದು ಬ್ಯಾಡಾಗಿತ್ತು."

"ಹೇಳಬೇಕಾಗಿತ್ತು ನನಗ."

"ಹೇಳಿದ್ರ ಅಗದು ತಗಿ ಅಂತಿದ್ರಿ."

ಹೌದು, ಅನ್ನುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

"ಎಲ್ಲಿ ಇಟ್ಟಿ?"

ಸಕೀನಾ ಮದರಂಗಿಯ ಕೆಳಗೆ, ಅವನ ಕುರ್ಚಿಯ ಮುಂಗಾಲುಗಳು ಊರಿ ಊರಿ ಗುಳಿಬಿದ್ದಿದ್ದ ಜಾಗ ತೋರಿಸಿದಳು. ಐದು ವಾರ, ದಿನಕ್ಕೆರಡು ಸಲ, ಅವನು ಆ ಏಳು ಚೂರುಗಳ ಮೇಲೆಯೇ ಕೂತು ಅವು ಎಲ್ಲಿ ಹೋದವೆಂದು ಯೋಚಿಸಿದ್ದ.

ಡಾಕ್ಟರು ಹೇಳಿದ್ದನ್ನು ಅವನು ಆಗ ಹೇಳಿದ. ಕುಕ್ಕರಗಾಲಿನ ಮಾತು ಕೇಳುತ್ತಲೇ ಸಕೀನಾ ಅತ್ತುಬಿಟ್ಟಳು. ತಾನು ಬಾಯಿ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹಣೆ ಬಡಿದುಕೊಂಡಳು. ಆಮೇಲೆ ಥಟ್ಟನೆ ಎದ್ದು ಒಳಗೆ ಹೋಗಿ ಕುರ್ಪಿ ತಂದು ಗಿಡದ ಬುಡದಲ್ಲಿ ಕೂತಳು.

"ಅಗದು ತೋರಸ್ತೇನಿ ತಡೀರಿ."

ದಿಲಾವರ ಆ ಗುಳಿಗಳನ್ನೇ ನೋಡುತ್ತ ನಿಂತ. "ಬ್ಯಾಡ," ಅಂದ. "ನೀ ಇಟ್ಟೇನಿ ಅಂದ್ರ ಅಲ್ಲೇ ಇರತೈತಿ."

ಹದಿನೆಂಟು ವರ್ಷದಲ್ಲಿ ಇಂಥ ಮಾತು ಅವನ ಬಾಯಿಂದ ಸಕೀನಾ ಕೇಳಿದ್ದು ಅದೇ ಮೊದಲು. ಎಷ್ಟು ವರ್ಷ ಅದಕ್ಕಾಗಿ ಕಾದಿದ್ದಳು, ಈಗ ಕೇಳಿ ಸೆರಗಿನಿಂದ ಮತ್ತೆ ಕಣ್ಣೊರೆಸಿಕೊಂಡಳು. ದಿಲಾವರ ಕೋಲು ಬದಿಗಿಟ್ಟು ಅವಳ ಪಕ್ಕ ನೆಲದ ಮೇಲೆ ಕೂರಲು ಬಗ್ಗಿದ. ಮೊಣಕಾಲು ಅರ್ಧಕ್ಕೇ ನಿಂತಿತು. ಸಕೀನಾ ಕುರ್ಪಿ ಕೆಳಗಿಟ್ಟು ಎದ್ದು, ಕುರ್ಚಿ ತಂದು ಹಾಕಿದಳು.